ಹಿತ್ತಲ ಕೋಳಿಯ ಮೌಲ್ಯಮಾಪನ: ಹಕ್ಕಿ ಜ್ವರ ನಿಯಂತ್ರಣ ನೀತಿಯ ಒಂದು ಅಧ್ಯಯನ

ಲೆಕ್ಕಪರಿಶೋಧಕರ ವೃತ್ತಿಯಲ್ಲಿ ಅತ್ಯಂತ ಎಚ್ಚರಿಕೆಯನ್ನು ಬೇಡುವ ಕೆಲಸಗಳಲ್ಲಿ ದಾಸ್ತಾನಿನ ಮೌಲ್ಯಮಾಪನವೂ ಒಂದು. ಸಿದ್ಧ ಸರಕಿಗೆ ಒಂದು ಬೆಲೆ, ಕಚ್ಚಾ ಸಾಮಗ್ರಿಗೆ ಇನ್ನೊಂದು ಬೆಲೆ, ಅರ್ಧ ತಯಾರಾದ ಸರಕಿಗೆ ಮತ್ತೊಂದು ಬೆಲೆ. ಮೂವತ್ತು ವರ್ಷಗಳಿಂದ ಕಾರ್ಖಾನೆಗಳಲ್ಲಿಯೂ ಗೋದಾಮುಗಳಲ್ಲಿಯೂ ಈ ಕೆಲಸ ಮಾಡುತ್ತ ಬಂದಿರುವ ನನಗೆ, ಇದುವರೆಗೆ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಕೇಳಿದವರು ಯಾವ ಕಂಪನಿಯ ನಿರ್ದೇಶಕರೂ ಅಲ್ಲ. ಕೂಲಿ ಮಾಡಿ ಬದುಕುವ ಒಬ್ಬ ಹೆಣ್ಣುಮಗಳು.

ಕೆಲವು ವರ್ಷಗಳ ಹಿಂದೆ ಕೋಳಿ ಆಹಾರದ ವ್ಯಾಪಾರಿಯೊಬ್ಬರ ಲೆಕ್ಕ ತಪಾಸಣೆಗೆಂದು ಒಂದು ಊರಿಗೆ ಹೋಗಿದ್ದೆ. ಆ ಭಾಗದಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡು, ಸುತ್ತಮುತ್ತಲ ಕೋಳಿಗಳನ್ನೆಲ್ಲ ಕೊಂದು ಹೂಳಲಾಗಿತ್ತು. ಅಂಗಡಿಯ ಕಸ ಗುಡಿಸಲು ಬರುತ್ತಿದ್ದ ಆಕೆ, ನಾನು ಲೆಕ್ಕ ಬಲ್ಲವನೆಂದು ತಿಳಿದು ಕೇಳಿದಳು: “ಸಾರ್, ನನ್ನ ಹೇಂಟೆ ಕಾವಿಗೆ ಕೂತು ಹದಿನೆಂಟು ದಿವಸ ಆಗಿತ್ತು. ಕೆಳಗೆ ಹನ್ನೊಂದು ಮೊಟ್ಟೆ ಇದ್ದವು. ಇನ್ನು ಮೂರು ದಿವಸ ಕಳೆದಿದ್ದರೆ ಮರಿ ಆಗುತ್ತಿದ್ದವು. ಅವನ್ನು ಮೊಟ್ಟೆ ಅಂತ ಬರೆದುಕೊಳ್ಳಬೇಕೋ, ಮರಿ ಅಂತ ಬರೆದುಕೊಳ್ಳಬೇಕೋ?”

ಅರ್ಧ ತಯಾರಾದ ಸರಕಿನ ಮೌಲ್ಯಮಾಪನ ಎಂದು ನಾವು ಕರೆಯುವುದು ಇದನ್ನೇ. ಪರಿಹಾರದ ಪಟ್ಟಿಯಲ್ಲಿ ಮೊಟ್ಟೆಗೊಂದು ದರ, ಮರಿಗೊಂದು ದರ ಇರುತ್ತದೆ. ಹದಿನೆಂಟು ದಿನದ ಕಾವಿಗೆ ದರವಿಲ್ಲ. ಮಾತು ಮುಂದುವರಿದಂತೆ ಆಕೆ ಇನ್ನೊಂದು ಸಂಗತಿಯನ್ನೂ ಹೇಳಿದಳು. ಕೊಲ್ಲುವ ತಂಡ ಬರುವ ಹಿಂದಿನ ರಾತ್ರಿಯೇ ಎರಡು ಕೋಳಿಗಳು ಬುಟ್ಟಿಯಲ್ಲಿ ಕುಳಿತು ಮಗಳ ಊರಿಗೆ ಹೋಗಿದ್ದವು. ಆಕೆಯ ಮಟ್ಟಿಗೆ ಅದು ಬಂಡವಾಳದ ರಕ್ಷಣೆ. ರೋಗ ನಿಯಂತ್ರಣದ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಈ ಎರಡು ಸಂಗತಿಗಳಿಗೆ ನೇರ ಸಂಬಂಧವಿದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಹಿತ್ತಲ ಕೋಳಿಗೆ ಕೊಡುವ ಪರಿಹಾರವು ದಯೆಯ ಪ್ರಶ್ನೆಯಲ್ಲ. ಅದು ರೋಗದ ಸುದ್ದಿಯನ್ನು ಸಕಾಲದಲ್ಲಿ ಪಡೆಯಲು ತೆರಬೇಕಾದ ಬೆಲೆ. ಈ ಬೆಲೆಯನ್ನು ಕಡಮೆಯಾಗಿ ಲೆಕ್ಕ ಹಾಕಿದರೆ, ಅದರ ನಷ್ಟವು ಕೊನೆಗೆ ಲಕ್ಷ ಲಕ್ಷ ಕೋಳಿ ಸಾಕುವ ನಮ್ಮ ಉದ್ಯಮಿಗಳ ಖಾತೆಗೇ ಬಂದು ಬೀಳುತ್ತದೆ.

ನೀತಿಯ ಸ್ವರೂಪ

ಎಚ್5ಎನ್1 ಎಂಬ ತೀವ್ರ ಸ್ವರೂಪದ ಹಕ್ಕಿ ಜ್ವರವು ಭಾರತದಲ್ಲಿ ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಅಂದಿನಿಂದ ನಮ್ಮ ದೇಶ ಆಯ್ದುಕೊಂಡಿರುವ ಮಾರ್ಗವನ್ನು ‘ಪತ್ತೆ ಹಚ್ಚು, ಕೊಲ್ಲು’ ಎಂದು ಸಂಗ್ರಹಿಸಬಹುದು. ಅಸಹಜ ಸಾವು ಕಂಡುಬಂದಲ್ಲಿ ಮಾದರಿಯನ್ನು ಭೋಪಾಲದ ರಾಷ್ಟ್ರೀಯ ಅತಿ ಭದ್ರತಾ ಪ್ರಾಣಿ ರೋಗ ಸಂಸ್ಥೆಗೆ ಕಳುಹಿಸಲಾಗುತ್ತದೆ. ಸೋಂಕು ದೃಢಪಟ್ಟರೆ ನಿಗದಿತ ವ್ಯಾಪ್ತಿಯೊಳಗಿನ ಸಾಕು ಹಕ್ಕಿಗಳನ್ನೆಲ್ಲ ಕೊಂದು, ಮೊಟ್ಟೆ ಮತ್ತು ಆಹಾರವನ್ನು ನಾಶಪಡಿಸಿ, ಸ್ಥಳವನ್ನು ಶುದ್ಧಗೊಳಿಸಿ, ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಣ್ಗಾವಲು ಇಡಲಾಗುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯಿದೆಯು ಇದಕ್ಕೆ ಕಾನೂನಿನ ಬಲ ಒದಗಿಸಿದೆ.

ಆರಂಭದಲ್ಲಿ ಕೊಲ್ಲುವ ವ್ಯಾಪ್ತಿಯು ಸೋಂಕಿನ ಕೇಂದ್ರದಿಂದ 3 ಕಿಲೋಮೀಟರ್ ಇತ್ತು. ಅನಂತರದ ಕ್ರಿಯಾ ಯೋಜನೆಗಳಲ್ಲಿ ಅದನ್ನು 1 ಕಿಲೋಮೀಟರಿಗೆ ಇಳಿಸಲಾಯಿತು. ಕೇಳಲು ಇದು ಸಣ್ಣ ತಿದ್ದುಪಡಿ. ಆದರೆ ವೃತ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಸುಮಾರು 28 ಚದರ ಕಿಲೋಮೀಟರಿನ ಬದಲು 3 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಅಂದರೆ ಒಂಬತ್ತರಲ್ಲಿ ಒಂದು ಪಾಲು. ರೋಗದ ಸೋಂಕಿಲ್ಲದ ಎಷ್ಟೋ ಹಿತ್ತಲುಗಳು ಈ ಒಂದು ತಿದ್ದುಪಡಿಯಿಂದ ಉಳಿದಿವೆ. ನೀತಿಯನ್ನು ವಿವೇಕದಿಂದ ತಿದ್ದಲು ಸಾಧ್ಯವಿದೆ ಎಂಬುದಕ್ಕೆ ಇದು ನಿದರ್ಶನ.

ಪರಿಹಾರದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಮಪಾಲಿನಲ್ಲಿ ಭರಿಸುವ ವ್ಯವಸ್ಥೆ ಇದೆ. 2021ರ ಕ್ರಿಯಾ ಯೋಜನೆಯಲ್ಲಿ ನಮೂದಾದ ದರಗಳು ಹೀಗಿದ್ದವು: ಮೊಟ್ಟೆ ಕೋಳಿ 90 ರೂಪಾಯಿ, ಮಾಂಸದ ಕೋಳಿ 70 ರೂಪಾಯಿ, ಇವೆರಡರ ಮರಿ 20 ರೂಪಾಯಿ, ಬೆಳೆದ ಬಾತು 135 ರೂಪಾಯಿ, ಮೊಟ್ಟೆ ಒಂದಕ್ಕೆ 3 ರೂಪಾಯಿ, ಆಹಾರ ಕಿಲೋಗ್ರಾಮಿಗೆ 12 ರೂಪಾಯಿ. ದರಗಳು ಕಾಲಾನುಕಾಲಕ್ಕೆ ಪರಿಷ್ಕರಣೆಗೊಳ್ಳತಕ್ಕವು. ಆದುದರಿಂದ ಓದುಗರು ಅಂಕಿಗಿಂತ ಹೆಚ್ಚಾಗಿ ಪಟ್ಟಿಯ ವಿಧಾನವನ್ನು ಗಮನಿಸಬೇಕು. ಈ ಪಟ್ಟಿ ಹಕ್ಕಿಯ ಜಾತಿಯನ್ನೂ ವಯಸ್ಸನ್ನೂ ನೋಡುತ್ತದೆ. ಅದು ಯಾವ ಬಗೆಯ ಸಾಕಣೆಗೆ ಸೇರಿದ್ದು ಎಂಬುದನ್ನು ನೋಡುವುದಿಲ್ಲ. ಜಾಲರಿಯ ಗೂಡಿನಲ್ಲಿ ಸಾಲಾಗಿ ನಿಂತ ಫಾರಂ ಕೋಳಿಗೂ ತಿಪ್ಪೆ ಕೆದಕಿ ಮರಿಗಳನ್ನು ಬೆಳೆಸುವ ನಾಟಿ ಹೇಂಟೆಗೂ ಅದು ಒಂದೇ ಬೆಲೆ ಕಟ್ಟುತ್ತದೆ.

ನವಾಪುರ ಮತ್ತು ಬಂಗಾಳ: ಎರಡು ಅನುಭವಗಳು

ನವಾಪುರವು ವಾಣಿಜ್ಯ ಫಾರಂಗಳು ಒತ್ತಾಗಿ ಬೆಳೆದಿದ್ದ ಪ್ರದೇಶ. ಕೋಳಿಗಳು ಶೆಡ್ಡುಗಳಲ್ಲಿದ್ದವು, ಎಣಿಕೆಗೆ ಸಿಗುತ್ತಿದ್ದವು, ಮಾಲೀಕರ ಹೆಸರು ವಿಳಾಸಗಳು ಗೊತ್ತಿದ್ದವು. ಕೆಲಸ ಕಷ್ಟದ್ದಾದರೂ ಅದಕ್ಕೊಂದು ಗಡಿಯಿತ್ತು.

2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಮಾರ್‌ಗ್ರಾಮದಲ್ಲಿಯೂ ದಕ್ಷಿಣ ದಿನಾಜಪುರದ ಬಾಲೂರ್‌ಘಾಟ್‌ನಲ್ಲಿಯೂ ಜ್ವರ ಕಾಣಿಸಿಕೊಂಡಾಗ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಕೋಳಿಗಳಿದ್ದದ್ದು ಮನೆ ಮನೆಯ ಹಿತ್ತಿಲಲ್ಲಿ. ಕೆಲವು ಮನೆಗಳಲ್ಲಿ ಮಂಚದ ಅಡಿಯಲ್ಲಿ. ಅವುಗಳ ಎಣಿಕೆ ಯಾರ ಬಳಿಯೂ ಇರಲಿಲ್ಲ. ತಂಡಗಳು ಬರುತ್ತವೆಂಬ ಸುದ್ದಿ ತಂಡಗಳಿಗಿಂತ ಮೊದಲೇ ಹಳ್ಳಿ ತಲುಪುತ್ತಿತ್ತು. ಜನರು ಕೋಳಿಗಳನ್ನು ಬಚ್ಚಿಟ್ಟದ್ದು, ಸಿಕ್ಕ ಬೆಲೆಗೆ ಮಾರಿದ್ದು, ಕೊಲ್ಲಲು ಬಂದವರನ್ನು ತಡೆದದ್ದು ಅಂದಿನ ಪತ್ರಿಕೆಗಳಲ್ಲಿ ವರದಿಯಾಗಿದ್ದವು. ಕೆಲವೇ ವಾರಗಳಲ್ಲಿ ರೋಗವು ರಾಜ್ಯದ 19 ಜಿಲ್ಲೆಗಳ ಪೈಕಿ ಹೆಚ್ಚಿನವುಗಳಿಗೆ ಹಬ್ಬಿತು. ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅಲ್ಲಿಯವರೆಗಿನ ಭಾರತದ ಅನುಭವದಲ್ಲಿ ಅಷ್ಟು ದೊಡ್ಡ ಕಾರ್ಯಾಚರಣೆ ನಡೆದಿರಲಿಲ್ಲ.

ಎರಡೂ ಕಡೆ ರೋಗಾಣು ಒಂದೇ, ನೀತಿಯೂ ಒಂದೇ. ಆದರೆ ಫಾರಂಗಳಿಗಾಗಿ ರೂಪಿಸಿದ ನೀತಿಯನ್ನು ಬಂಗಾಳದಲ್ಲಿ ಹಿತ್ತಲಿಗೆ ಹಾಗೆಯೇ ಅನ್ವಯಿಸಲಾಗಿತ್ತು.

ಕರ್ನಾಟಕಕ್ಕೂ ಈ ಪಾಠ ದೂರದ್ದಲ್ಲ. 2012ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ, 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ಭಾಗದ ಫಾರಂನಲ್ಲಿ, 2020ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಜ್ವರ ದೃಢಪಟ್ಟಿತು. ಸಂಸ್ಥೆ, ಫಾರಂ, ನಗರದ ಬಡಾವಣೆ, ಹಳ್ಳಿ ಎಂಬ ಭೇದವನ್ನು ಅದು ಮಾಡಿಲ್ಲ.

ಹಿತ್ತಲ ಸಾಕಣೆ ಸಣ್ಣದೇ?

ಈ ಸಾಕಣೆಯು ಕಾಲಕ್ರಮದಲ್ಲಿ ತಾನಾಗಿಯೇ ಇಲ್ಲವಾಗುವುದೆಂಬ ಭಾವನೆ ನಮ್ಮ ಉದ್ಯಮ ವಲಯದಲ್ಲಿದೆ. ಅಂಕಿ ಅಂಶಗಳು ಹಾಗೆ ಹೇಳುವುದಿಲ್ಲ. 2019ರ 20ನೇ ಜಾನುವಾರು ಗಣತಿಯಂತೆ ದೇಶದ ಒಟ್ಟು ಕೋಳಿ ಸಂಪತ್ತು 85.18 ಕೋಟಿ. ಅದರಲ್ಲಿ ಹಿತ್ತಲ ಕೋಳಿಗಳು 31.70 ಕೋಟಿ, ಅಂದರೆ ಶೇಕಡಾ 37ರಷ್ಟು. 2012ರ ಗಣತಿಗೆ ಹೋಲಿಸಿದರೆ ವಾಣಿಜ್ಯ ಕೋಳಿಗಳ ಸಂಖ್ಯೆ ಶೇಕಡಾ 4.5ರಷ್ಟು ಹೆಚ್ಚಿದ್ದರೆ, ಹಿತ್ತಲ ಕೋಳಿಗಳ ಸಂಖ್ಯೆ ಶೇಕಡಾ 45.8ರಷ್ಟು ಹೆಚ್ಚಿತ್ತು. ನಮ್ಮ ರಾಜ್ಯದಲ್ಲಿಯೇ ಅಭಿವೃದ್ಧಿಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಸರ್ಕಾರಗಳೇ ಮಹಿಳೆಯರಿಗೆ ವಿತರಿಸುತ್ತ ಬಂದಿವೆ. ಒಂದು ಕೈಯಿಂದ ಬೆಳೆಸಿದ ಆಸ್ತಿಯನ್ನು ಇನ್ನೊಂದು ಕೈಯಿಂದ ನಾಶಪಡಿಸಬೇಕಾಗಿ ಬಂದಾಗ ಅದರ ಬೆಲೆಯನ್ನು ಸರಿಯಾಗಿ ಕಟ್ಟುವುದು ನ್ಯಾಯ.

ಒಂದು ಹಿತ್ತಲಿನ ಲೆಕ್ಕಪತ್ರ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಲೆಕ್ಕವನ್ನು ಕೊಡುತ್ತೇನೆ. ಪರಿಹಾರದ ದರಗಳು ಮೇಲೆ ಹೇಳಿದ 2021ರ ಪಟ್ಟಿಯವು; ಮಾರುಕಟ್ಟೆಯ ಬೆಲೆಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಓದುಗರು ತಮ್ಮ ಊರಿನ ಸಂತೆಯ ಬೆಲೆಗಳನ್ನು ಹಾಕಿ ಇದನ್ನು ಪರೀಕ್ಷಿಸಬಹುದು.

ಒಂದು ಮನೆಯಲ್ಲಿ 4 ಹೇಂಟೆ, 1 ಹುಂಜ, 12 ಮರಿಗಳಿವೆ. ಒಂದು ಹೇಂಟೆಯ ಕಾವಿನಲ್ಲಿ 11 ಮೊಟ್ಟೆಗಳಿವೆ ಎಂದು ಭಾವಿಸೋಣ.

ಅ) ಪರಿಹಾರ: ಬೆಳೆದ ಕೋಳಿ 5, ತಲಾ 90ರಂತೆ 450 ರೂಪಾಯಿ, ಮರಿ 12, ತಲಾ 20ರಂತೆ 240 ರೂಪಾಯಿ, ಮೊಟ್ಟೆ 11, ತಲಾ 3ರಂತೆ 33 ರೂಪಾಯಿ. ಒಟ್ಟು 723 ರೂಪಾಯಿ.

ಆ) ಸಂತೆಯ ಬೆಲೆ: ಹೇಂಟೆ 4, ತಲಾ 500ರಂತೆ 2,000 ರೂಪಾಯಿ; ಹುಂಜ 700 ರೂಪಾಯಿ; ಮರಿ 12, ತಲಾ 60ರಂತೆ 720 ರೂಪಾಯಿ; ಮೊಟ್ಟೆ 11, ತಲಾ 10ರಂತೆ 110 ರೂಪಾಯಿ. ಒಟ್ಟು 3,530 ರೂಪಾಯಿ.

ಇ) ಉತ್ಪನ್ನದ ನಷ್ಟ: ಮರಳಿ ಸಾಕಲು ಅನುಮತಿ ದೊರೆಯುವವರೆಗೆ 3 ತಿಂಗಳು, ಹೊಸ ಮರಿ ಬೆಳೆದು ಮೊಟ್ಟೆಯಿಡುವವರೆಗೆ 6 ತಿಂಗಳು, ಒಟ್ಟು 9 ತಿಂಗಳು ಎಂದುಕೊಳ್ಳೋಣ. ನಾಟಿ ಹೇಂಟೆಗೆ ವರ್ಷಕ್ಕೆ 60 ಮೊಟ್ಟೆಯಂತೆ ಹಿಡಿದರೆ 4 ಹೇಂಟೆಗಳಿಂದ 180 ಮೊಟ್ಟೆ. ತಲಾ 10ರಂತೆ 1,800 ರೂಪಾಯಿ.

ಆಸ್ತಿಯ ನಷ್ಟ ಮತ್ತು ಉತ್ಪನ್ನದ ನಷ್ಟ ಸೇರಿ 5,330 ರೂಪಾಯಿ. ದೊರೆತದ್ದು 723 ರೂಪಾಯಿ. ಸಂತೆಯ ಬೆಲೆಯ ಶೇಕಡಾ 20ರಷ್ಟು. ಒಟ್ಟು ನಷ್ಟದ ಶೇಕಡಾ 14ಕ್ಕಿಂತ ಕಡಮೆ.

ಜೀವಂತ ಪ್ರಾಣಿಗಳನ್ನು ಆಸ್ತಿಯೆಂದು ಪರಿಗಣಿಸಿ, ಮಾರಾಟದ ವೆಚ್ಚ ಕಳೆದ ನ್ಯಾಯೋಚಿತ ಬೆಲೆಯಲ್ಲಿ ತೋರಿಸಬೇಕೆಂದು ಭಾರತೀಯ ಲೆಕ್ಕಪತ್ರ ಮಾನದಂಡ 41 ವಿಧಿಸುತ್ತದೆ. ಈ ಮಾನದಂಡ ದೊಡ್ಡ ಕಂಪನಿಗಳಿಗೆ ಅನ್ವಯಿಸತಕ್ಕದ್ದು, ಹಿತ್ತಲಿಗಲ್ಲ. ಆದರೆ ಅದರ ಹಿಂದಿನ ತತ್ವ ಇಬ್ಬರಿಗೂ ಒಂದೇ ಆಗಿರಬೇಕು. ನಾಟಿ ಕೋಳಿಯ ಮಾಂಸಕ್ಕೂ ಮೊಟ್ಟೆಗೂ ಸಂತೆಯಲ್ಲಿ ಫಾರಂ ಕೋಳಿಗಿಂತ ಹೆಚ್ಚಿನ ಬೆಲೆ ಇರುವುದು ಎಲ್ಲರಿಗೂ ತಿಳಿದ ವಿಷಯ. ಅಷ್ಟೇ ಅಲ್ಲ, ಹೇಂಟೆಯೇ ತನ್ನ ಮರಿಗಳನ್ನು ಉತ್ಪಾದಿಸುವ ಯಂತ್ರ. ಅದು ಹೋದರೆ ಸರಕಿನ ಜೊತೆಗೆ ಕಾರ್ಖಾನೆಯೂ ಹೋಯಿತು.

ಸುದ್ದಿ ಕೊಡುವುದರಿಂದ ಆಗುವ ಲಾಭ ನಷ್ಟ

ಈಗ ಅದೇ ಮನೆಯಲ್ಲಿ ಒಂದು ಸಂಜೆ ಒಂದು ಹೇಂಟೆ ತೂಕಡಿಸತೊಡಗಿದೆ ಎಂದುಕೊಳ್ಳಿ. ಮನೆಯೊಡತಿಯ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು, ಉಳಿದ ಮೂರು ಹೇಂಟೆ, ಹುಂಜ ಮತ್ತು ಮರಿಗಳನ್ನು ಮರುದಿನದ ಸಂತೆಯಲ್ಲಿ ಅರ್ಧ ಬೆಲೆಗೆ ಮಾರುವುದು. ಆಗ ಹೇಂಟೆಗಳಿಂದ 750, ಹುಂಜದಿಂದ 350, ಮರಿಗಳಿಂದ 360, ಒಟ್ಟು 1,460 ರೂಪಾಯಿ ನಗದಾಗಿ ಕೈಗೆ ಬರುತ್ತದೆ.

ಎರಡನೆಯದು, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು. ಮಾದರಿ ಭೋಪಾಲಕ್ಕೆ ಹೋಗಿ ವರದಿ ಬರುವವರೆಗೆ ಕಾಯಬೇಕು. ಈ ಅವಧಿಯಲ್ಲಿ ತಾವಾಗಿಯೇ ಸತ್ತ ಕೋಳಿಗಳಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ಪರಿಹಾರವಿರುವುದು ತಂಡದವರು ಕೊಂದ ಕೋಳಿಗಳಿಗೆ. ಎಲ್ಲವೂ ಸರಿಹೋದರೆ 723 ರೂಪಾಯಿಯೊಳಗಿನ ಮೊತ್ತ. ಅದರ ಜೊತೆಗೆ, ಒಂದು ಕಿಲೋಮೀಟರ್ ವ್ಯಾಪ್ತಿಯ ಎಲ್ಲರ ಕೋಳಿಗಳೂ ಇವಳಿಂದಲೇ ಹೋದವೆಂಬ ನೆರೆಹೊರೆಯ ನಿಷ್ಠುರ.

ನಮ್ಮ ಸದಸ್ಯರಲ್ಲಿ ಯಾರಾದರೂ ಆಕೆಯ ಸ್ಥಾನದಲ್ಲಿದ್ದಿದ್ದರೆ ಯಾವ ದಾರಿಯನ್ನು ಹಿಡಿಯುತ್ತಿದ್ದರು? ಆಕೆಗೆ ತಿಳಿವಳಿಕೆ ಇಲ್ಲವೆಂದು ಹೇಳುವುದು ಸುಲಭ. ಆಕೆಗೆ ಲೆಕ್ಕ ಚೆನ್ನಾಗಿ ಗೊತ್ತಿದೆ ಎಂಬುದೇ ಇಲ್ಲಿನ ತೊಡಕು. ಪರಿಹಾರದಲ್ಲಿ ನಾವು ಉಳಿಸಿದ ಹಣದಿಂದ ರೋಗಾಣುವಿಗೆ ಬಸ್ ಚಾರ್ಜು ಕೊಟ್ಟು ಪಕ್ಕದ ತಾಲ್ಲೂಕಿಗೆ ಕಳುಹಿಸಿದಂತಾಗುತ್ತದೆ.

ಇನ್ನೊಂದು ಪ್ರಾಯೋಗಿಕ ತೊಡಕೂ ಇದೆ. ಕೊಕ್ಕರೆ ರೋಗದಿಂದ ಹಳ್ಳಿಯ ಕೋಳಿಗಳು ಗುಂಪು ಗುಂಪಾಗಿ ಸಾಯುವುದು ಬಹುತೇಕ ವರ್ಷವೂ ನಡೆಯುವ ಸಂಗತಿ. ಹತ್ತು ಕೋಳಿ ಒಟ್ಟಿಗೆ ಸತ್ತರೆ ಫಾರಂನವನಿಗೆ ಆತಂಕ. ಹಳ್ಳಿಯ ಹೆಂಗಸಿಗೆ ಅದು ‘ಈ ವರ್ಷವೂ ಬಂತು’ ಎಂಬ ನಿಟ್ಟುಸಿರು. ಎರಡು ರೋಗಗಳ ಲಕ್ಷಣಗಳು ಹೊರನೋಟಕ್ಕೆ ಹೋಲುವುದರಿಂದ ಮೊದಲ ಎಚ್ಚರಿಕೆಯೇ ಕೈತಪ್ಪಿ ಹೋಗುತ್ತದೆ.

ಫಾರಂಗಿರುವ ಆಸರೆಗಳು

90 ರೂಪಾಯಿ ವಾಣಿಜ್ಯ ಫಾರಂಗೂ ಸಾಲದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಅನೇಕ ಸದಸ್ಯರು ಆ ನಷ್ಟವನ್ನು ಅನುಭವಿಸಿದವರು. ರೋಗ ಬಾರದ ಜಿಲ್ಲೆಗಳಲ್ಲಿಯೂ ಬೇಡಿಕೆ ಕುಸಿದು ಸೋತವರು. ಆದರೆ ಫಾರಂಗೆ ಪರಿಹಾರವಲ್ಲದೆ ಬೇರೆ ಆಸರೆಗಳಿವೆ. 2006ರಲ್ಲಿ ಕೋಳಿ ಉದ್ಯಮದ ಸಾಲಗಳ ಮರುಹೊಂದಾಣಿಕೆಗೆ ಭಾರತೀಯ ರಿಸರ್ವ್ ಬ್ಯಾಂಕು ಅವಕಾಶ ಕಲ್ಪಿಸಿತು; ಕೇಂದ್ರ ಸರ್ಕಾರ ಒಂದು ಬಾರಿಗೆ ಬಡ್ಡಿಯಲ್ಲಿ ಶೇಕಡಾ 4ರಷ್ಟು ಸಹಾಯ ನೀಡಿತು. ವ್ಯಾಪಾರದ ನಷ್ಟವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಎಂಟು ವರ್ಷಗಳವರೆಗೆ ಮುಂದೊಯ್ಯಬಹುದು. 2023ರಲ್ಲಿ ನಾಲ್ಕು ರಾಜ್ಯಗಳ 26 ಕೋಳಿ ಸಾಕಣೆ ವಿಭಾಗಗಳು ಹಕ್ಕಿ ಜ್ವರದಿಂದ ಮುಕ್ತವೆಂಬ ಭಾರತದ ಸ್ವಯಂ ಘೋಷಣೆಗೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಅನುಮೋದನೆ ದೊರೆತು, ರಫ್ತಿನ ಬಾಗಿಲು ತೆರೆದಿಡಲು ನೆರವಾಯಿತು. 2025ರಲ್ಲಿ ಕೇಂದ್ರ ಸರ್ಕಾರ ಜೈವಿಕ ಸುರಕ್ಷತೆ, ಕಣ್ಗಾವಲು ಮತ್ತು ಫಾರಂಗಳ ಕಡ್ಡಾಯ ನೋಂದಣಿಯನ್ನೊಳಗೊಂಡ ತ್ರಿಮುಖ ಕಾರ್ಯತಂತ್ರವನ್ನು ಪ್ರಕಟಿಸಿತು.

ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ಸಾಲ ಪಡೆಯದವಳಿಗೆ ಬಡ್ಡಿಯ ರಿಯಾಯಿತಿ ಇಲ್ಲ. ತೆರಿಗೆ ಕಟ್ಟದವಳಿಗೆ ನಷ್ಟ ಮುಂದೊಯ್ಯುವ ಸೌಲಭ್ಯವಿಲ್ಲ. ಐದು ಕೋಳಿ ಸಾಕುವವಳಿಗೆ ನೋಂದಣಿಯ ವಹಿಯಿಲ್ಲ. ಆಕೆಗಿರುವುದು ಪರಿಹಾರ ಒಂದೇ.

ಹಿತ್ತಲೇ ಅಪರಾಧಿಯೆ?

ಹಿತ್ತಲ ಕೋಳಿ ಕಾಡು ಹಕ್ಕಿಗಳೊಡನೆ ಬೆರೆಯುತ್ತದೆ, ಕೆರೆಯ ನೀರು ಕುಡಿಯುತ್ತದೆ, ಮಕ್ಕಳ ನಡುವೆಯೇ ಓಡಾಡುತ್ತದೆ. ಆದುದರಿಂದ ಅದನ್ನೇ ನಿಷೇಧಿಸಬೇಕೆಂಬ ವಾದ ಆಗಾಗ ಕೇಳಿಬರುತ್ತದೆ. ಮಾನವರ ಆರೋಗ್ಯದ ಅಪಾಯ ಲಘುವಾದದ್ದಲ್ಲ. 2003ರಿಂದೀಚೆಗೆ ಪ್ರಪಂಚದಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ಸೋಂಕು ತಗಲಿ, ಅವರಲ್ಲಿ ಸುಮಾರು ಅರ್ಧದಷ್ಟು ಜನ ಮೃತಪಟ್ಟಿದ್ದಾರೆ. ಭಾರತದಲ್ಲಿ 2021ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ಒಬ್ಬ ಬಾಲಕ, 2025ರಲ್ಲಿ ಆಂಧ್ರ ಪ್ರದೇಶದಲ್ಲಿ ಒಂದು ಪುಟ್ಟ ಮಗು ಇದಕ್ಕೆ ಬಲಿಯಾದದ್ದುಂಟು. ಕೊಲ್ಲುವ ಕ್ರಮವೇ ಬೇಡವೆಂದು ಯಾರೂ ಹೇಳಲಾರರು.

ಆದರೆ ರೋಗ ಹರಡುವಿಕೆಯ ಹೊಣೆಯನ್ನೆಲ್ಲ ಹಿತ್ತಲಿಗೆ ಹೊರಿಸುವುದು ಸಾಕ್ಷ್ಯಕ್ಕೆ ಒಪ್ಪುವುದಿಲ್ಲ. ಥಾಯ್ಲೆಂಡಿನ 2004ರ ಹಾವಳಿಯ ಮಾಹಿತಿಯನ್ನು ವಿಶ್ಲೇಷಿಸಿದಾಗ, ಹಿತ್ತಲ ಗುಂಪುಗಳಿಗಿಂತ ವಾಣಿಜ್ಯ ಗುಂಪುಗಳಿಗೆ ಸೋಂಕು ತಗಲಿದ ಪ್ರಮಾಣ ಹೆಚ್ಚೆಂದು ಕಂಡುಬಂದಿತು. ಆಹಾರದ ಲಾರಿ, ಮರಿಗಳ ಪೆಟ್ಟಿಗೆ, ಮೊಟ್ಟೆಯ ಟ್ರೇ, ಗೊಬ್ಬರದ ಚೀಲ, ಕೆಲಸಗಾರರ ಚಪ್ಪಲಿ ಇವೆಲ್ಲ ಫಾರಂನಿಂದ ಫಾರಂಗೆ ಓಡಾಡತಕ್ಕವು. ಹಿತ್ತಲ ಕೋಳಿ ಓಡಾಡುವುದು ಬೇಲಿಯವರೆಗೆ. ಅದನ್ನು ದೂರಕ್ಕೆ ಒಯ್ಯುವುದು ಸಂತೆ ಮತ್ತು ಭಯ. ಸಂತೆಯನ್ನು ತಾತ್ಕಾಲಿಕವಾಗಿ ಮುಚ್ಚಬಹುದು. ಭಯವನ್ನು ಹೋಗಲಾಡಿಸಲು ವಿಶ್ವಾಸಾರ್ಹವಾದ ಪರಿಹಾರ ಬೇಕು.

ಇತರರ ಅನುಭವ

ವಿಶ್ವ ಬ್ಯಾಂಕು ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆ ಮೊದಲಾದವುಗಳು ಒಡಗೂಡಿ 2006ರಲ್ಲಿ ಅಭಿವೃದ್ಧಿಶೀಲ ದೇಶಗಳ ಪರಿಹಾರ ನೀತಿಯ ಬಗೆಗೆ ವರದಿಯೊಂದನ್ನು ಪ್ರಕಟಿಸಿದವು. ಪರಿಹಾರವು ಮಾರುಕಟ್ಟೆ ಬೆಲೆಯ ಶೇಕಡಾ 75ರಿಂದ 90ರಷ್ಟಿರಬೇಕು, ಶೇಕಡಾ 50ಕ್ಕಿಂತ ಕೆಳಗಿಳಿಯಬಾರದು, ಶೇಕಡಾ 100ನ್ನು ಮೀರಬಾರದು ಎಂಬುದು ಅದರ ಸಾರ. ಮೇಲ್ಮಿತಿಗೆ ಕಾರಣವಿದೆ. ಪರಿಹಾರವು ಬೆಲೆಯನ್ನು ಮೀರಿದರೆ ಹೊರಗಿನ ಕೋಳಿಗಳು ಸೋಂಕಿನ ವಲಯದೊಳಕ್ಕೆ ಬರತೊಡಗುತ್ತವೆ. ಕಡಮೆಯಾದರೆ ಒಳಗಿನವು ಹೊರಕ್ಕೆ ಹೋಗುತ್ತವೆ. ಇವೆರಡರ ನಡುವಿನ ಬಿಂದುವನ್ನು ಹುಡುಕುವುದೇ ನೀತಿ ನಿರೂಪಕರ ಕೆಲಸ.

ಕೇರಳದ ಕುಟ್ಟನಾಡಿನ ಬಾತು ಸಾಕಣೆಗೆ 2014ರಿಂದ ಜ್ವರ ಮರಳಿ ಮರಳಿ ಬಂದಿದೆ. 2021ರಲ್ಲಿ ಆ ರಾಜ್ಯ ಎರಡು ತಿಂಗಳು ಮೀರಿದ ಹಕ್ಕಿಗೆ 200, ಅದಕ್ಕಿಂತ ಚಿಕ್ಕದಕ್ಕೆ 100, ಮೊಟ್ಟೆಗೆ 5 ರೂಪಾಯಿ ನೀಡಿತು. ಕೇಂದ್ರದ ಪಟ್ಟಿಯನ್ನು ಮೀರಿ ರಾಜ್ಯವೊಂದು ತನ್ನ ಪಾಲನ್ನು ಹೆಚ್ಚಿಸಬಹುದೆಂಬುದಕ್ಕೆ ಇದು ಪೂರ್ವನಿದರ್ಶನ. ಅದೇ ರಾಜ್ಯ 2024ರಲ್ಲಿ ಆಲಪ್ಪುಳ ಮತ್ತು ನೆರೆಯ ಪ್ರದೇಶಗಳಲ್ಲಿ ವರ್ಷಾಂತ್ಯದವರೆಗೆ ಹಕ್ಕಿ ಸಾಕಣೆಯನ್ನೇ ನಿರ್ಬಂಧಿಸಬೇಕಾಯಿತು. ಪರಿಹಾರವೊಂದೇ ಸರ್ವರೋಗ ನಿವಾರಕವಲ್ಲ ಎಂಬುದನ್ನೂ ಇದರಿಂದ ಅರಿಯಬೇಕು.

ಲಸಿಕೆಯ ಮಾರ್ಗವನ್ನು ಚೀನಾ, ವಿಯೆಟ್ನಾಂ, ಈಜಿಪ್ಟ್ ಮೊದಲಾದ ದೇಶಗಳು ಹಿಡಿದಿವೆ. ಫ್ರಾನ್ಸ್ 2023ರ ಅಕ್ಟೋಬರಿನಲ್ಲಿ ಬಾತುಗಳಿಗೆ ಲಸಿಕೆ ಆರಂಭಿಸಿತು. ಲಸಿಕೆ ಹಾಕಿದ ದೇಶದ ಸರಕಿಗೆ ಕೆಲವು ದೇಶಗಳು ಆಮದು ನಿರ್ಬಂಧ ಹೇರುತ್ತವೆ ಎಂಬುದು ರಫ್ತುದಾರರು ನೆನಪಿಡಬೇಕಾದ ಅಂಶ. ಅಲ್ಲದೆ ಮನೆ ಮನೆಗೆ ಹೋಗಿ ಐದೈದು ಕೋಳಿ ಹಿಡಿದು ಚುಚ್ಚುವುದು ಶೆಡ್ಡಿನಲ್ಲಿ ಚುಚ್ಚಿದಷ್ಟು ಸುಲಭವಲ್ಲ.

ಸಲಹೆಗಳು

ನಮ್ಮ ಮಹಾಸಂಸ್ಥೆಯು ಸರ್ಕಾರದ ಮುಂದೆ ಮಂಡಿಸಬಹುದಾದ ಕೆಲವು ಅಂಶಗಳನ್ನು ಸದಸ್ಯರ ಪರಿಶೀಲನೆಗಾಗಿ ಮುಂದಿಡುತ್ತೇನೆ.

1. ಹಿತ್ತಲ ಕೋಳಿಗೆ ಪರಿಹಾರ ಪಟ್ಟಿಯಲ್ಲಿ ಪ್ರತ್ಯೇಕ ವರ್ಗ ಇರಲಿ. ಸ್ಥಳೀಯ ಸಂತೆಯ ಬೆಲೆಯನ್ನು ಆಧರಿಸಿ ದರವನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಲಿ. ಮೇಲಿನ ಉದಾಹರಣೆಯಲ್ಲಿ ಶೇಕಡಾ 80ರಂತೆ ಕೊಟ್ಟರೆ ಮೊತ್ತ 2,824 ರೂಪಾಯಿ. ಕದ್ದು ಮಾರಿದರೆ ಬರುವ 1,460ಕ್ಕಿಂತ ಇದು ಹೆಚ್ಚಾದುದರಿಂದ ಪ್ರಾಮಾಣಿಕತೆಯೇ ಲಾಭದಾಯಕವಾಗುತ್ತದೆ.

2. ಸುದ್ದಿ ಕೊಟ್ಟ ದಿನ ಮನೆಯಲ್ಲಿದ್ದ ಕೋಳಿಗಳ ಎಣಿಕೆಯೇ ಪರಿಹಾರಕ್ಕೆ ಆಧಾರವಾಗಲಿ. ವರದಿ ಬರುವುದರೊಳಗೆ ಸತ್ತವುಗಳಿಗೂ ಒಂದು ಪಾಲು ದೊರೆಯಲಿ. ಆಗ ತಡಮಾಡದೆ ತಿಳಿಸುವುದಕ್ಕೆ ಪ್ರೇರಣೆ ಒದಗುತ್ತದೆ.

3. ಕೊಂದ ಸ್ಥಳದಲ್ಲಿಯೇ ಕೋಳಿ, ಮರಿ, ಮೊಟ್ಟೆಗಳ ಸಂಖ್ಯೆ ನಮೂದಿಸಿದ ರಸೀದಿಯನ್ನು ಕೊಡಲಿ. ಹಣವು ಕೋಳಿ ಸಾಕಿದ ಮಹಿಳೆಯ ಖಾತೆಗೇ, ನಿಗದಿತ ದಿನಗಳೊಳಗೆ ಜಮೆಯಾಗಲಿ. ಬಹುತೇಕ ಮನೆಗಳಲ್ಲಿ ಕೋಳಿ ಆಕೆಯ ಸ್ವಂತ ಸಂಪಾದನೆ. ಯಜಮಾನನ ಖಾತೆಗೆ ಹೋದ ಹಣ ಆಕೆಗೆ ಸಂದಂತಲ್ಲ.

4. ಕೊಕ್ಕರೆ ರೋಗದ ಲಸಿಕೆಯನ್ನು ಹಳ್ಳಿಗಳಲ್ಲಿ ನಿಯಮಿತವಾಗಿ ಹಾಕಿಸಲಿ. ಆ ಸಾವುಗಳು ಕಡಮೆಯಾದರೆ, ಅನಂತರ ಸಂಭವಿಸುವ ಗುಂಪು ಸಾವು ತಾನಾಗಿಯೇ ಎಚ್ಚರಿಕೆಯ ಗಂಟೆಯಾಗುತ್ತದೆ. ಪಶು ಸಖಿಯರನ್ನು ಈ ಕೆಲಸಕ್ಕೂ ಸುದ್ದಿ ಸಂಗ್ರಹಕ್ಕೂ ಬಳಸಿಕೊಳ್ಳಬಹುದು.

5. ಮರುಸಾಕಣೆಗೆ ಅನುಮತಿ ದೊರೆತ ಮೇಲೆ ಬೆಳೆದ ಗಿರಿರಾಜ ಅಥವಾ ಸ್ವರ್ಣಧಾರ ಮರಿಗಳನ್ನು ಉಚಿತವಾಗಿ ವಿತರಿಸಲಿ. ಇದಕ್ಕೆ ಮರಿಕೇಂದ್ರ ಮತ್ತು ಆಹಾರ ಉದ್ಯಮದ ನಮ್ಮ ಸದಸ್ಯರು ಒಂದು ನಿಧಿ ಸ್ಥಾಪಿಸುವುದು ಸೂಕ್ತ.

ಖರ್ಚಿನ ಬಗೆಗೆ ಒಂದು ಮಾತು. ಸೋಂಕಿನ ವಲಯದಲ್ಲಿ ಮೇಲೆ ಹೇಳಿದಂತಹ 200 ಮನೆಗಳಿದ್ದರೆ, ಹೆಚ್ಚುವರಿ ಪರಿಹಾರ ಮನೆಗೆ 2,101ರಂತೆ ಸುಮಾರು 4.20 ಲಕ್ಷ ರೂಪಾಯಿ. ಸುದ್ದಿ ತಡವಾಗಿ, 50,000 ಕೋಳಿಗಳ ಒಂದೇ ಒಂದು ಫಾರಂಗೆ ರೋಗ ತಗಲಿದರೆ, ತಲಾ 90ರಂತೆ ಸರ್ಕಾರ ತೆರಬೇಕಾದದ್ದು 45 ಲಕ್ಷ ರೂಪಾಯಿ. ಮಾಲೀಕನ ಉಳಿದ ನಷ್ಟ ಬೇರೆ. ಹತ್ತರಲ್ಲಿ ಒಂದು ಪಾಲಿಗಿಂತ ಕಡಮೆ ವಿಮಾ ಕಂತಿಗೆ ಇಂತಹ ರಕ್ಷಣೆ ದೊರೆಯುವುದಾದರೆ ಯಾವ ವ್ಯಾಪಾರಿಯೂ ಬೇಡವೆನ್ನಲಾರ.

ಉಪಸಂಹಾರ

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ಹೇಳಿ ನಾವು ನಗುತ್ತೇವೆ. ಹಕ್ಕಿ ಜ್ವರದ ವಿಷಯದಲ್ಲಿ ಮಾತ್ರ ಆ ಅಜ್ಜಿಯ ನಂಬಿಕೆಯಲ್ಲಿ ಸತ್ಯಾಂಶವಿದೆ. ಆಕೆ ಬಾಯಿಬಿಟ್ಟು ಹೇಳದ ಹೊರತು ಇಲಾಖೆಗೂ ಉದ್ಯಮಕ್ಕೂ ರೋಗದ ಅರಿವಾಗುವುದಿಲ್ಲ.

ಹದಿನೆಂಟು ದಿನ ಕಾವು ಪಡೆದ ಹನ್ನೊಂದು ಮೊಟ್ಟೆಗಳ ಪ್ರಶ್ನೆಗೆ ಅಂದು ನಾನು, “ನೋಡಮ್ಮ, ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ” ಎಂದಷ್ಟೇ ಹೇಳಿದೆ. ಆಕೆ ಪೊರಕೆ ಎತ್ತಿಕೊಂಡು ಸುಮ್ಮನೆ ಹೊರಟುಹೋದಳು. ಮುಂದಿನ ಬಾರಿ ಆಕೆಯ ಹಿತ್ತಿಲಲ್ಲಿ ಕೋಳಿ ತೂಕಡಿಸಿದಾಗ ಆಕೆ ಪಶು ಆಸ್ಪತ್ರೆಗೆ ಹೋಗುವಳೋ, ಬುಟ್ಟಿ ಹಿಡಿದು ಬಸ್ ನಿಲ್ದಾಣಕ್ಕೆ ಹೋಗುವಳೋ ಎಂಬುದು ಆ ಪಟ್ಟಿಯನ್ನು ತಿದ್ದುವವರ ಕೈಯಲ್ಲಿದೆ. ತಿದ್ದಿಸುವ ಹೊಣೆ ನಮ್ಮ ಮೇಲೂ ಇದೆ.